ವಂಶವೃಕ್ಷದ ಗೀಳನ್ನು ಇನ್ನೊಬ್ಬರಿಗೆ ಹತ್ತಿಸುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ವರ್ಷಗಟ್ಟಲೆ ಕೂತು ಮನೆತನದ ಚರಿತ್ರೆ ಕೂಡಿಸಿದ್ದೇನೆ. ಮನೆಯಲ್ಲಿ ಒಬ್ಬರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಇವರಿಗೆ ಆಸಕ್ತಿ ಹುಟ್ಟಿಸುವುದು ಹೇಗೆ?" ಇದರದೇ ಇನ್ನೊಂದು ರೂಪ: "ನಾಲ್ಕೈದು ಜನ ಕಲಿಸಿಕೊಡಿ ಅಂತ ಕೇಳುತ್ತಿದ್ದಾರೆ, ಎಲ್ಲಿಂದ ಶುರು ಮಾಡಲಿ?"

ಎರಡಕ್ಕೂ ನನ್ನ ಉತ್ತರ ಒಂದೇ. ನಿಮಗೆ ಈ ಗೀಳು ಹೇಗೆ ಹತ್ತಿತು, ನೆನಪು ಮಾಡಿಕೊಳ್ಳಿ. ಯಾವುದೋ ಒಂದು ಹೆಸರು ಸಿಗದೆ ಕಾಡಿರುತ್ತದೆ. ಸಿದ್ಧವಾದ ವಂಶವೃಕ್ಷವನ್ನು ತೋರಿಸಿದರೆ ನೋಡಿದವರು "ಭಾರೀ ಕೆಲಸ ಮಾಡಿದ್ದೀರಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹುಡುಕುವುದನ್ನೇ ಅವರ ಪಾಲಿಗೆ ಬಿಡಬೇಕು. ನಾನು ಇದನ್ನು ಕಲಿತದ್ದು ಸೋತ ಮೇಲೆ. ನೆಂಟರೆಲ್ಲ ಸೇರಿದ್ದ ದಿನ ಏಳು ತಲೆಮಾರಿನ ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೆ. ಬಂದವರು ತಂತಮ್ಮ ಹೆಸರು ಹುಡುಕಿದರು, ಫೋಟೊ ತೆಗೆದುಕೊಂಡರು, ಹೋದರು. ಕೊನೆವರೆಗೂ ನಿಂತವರು ಒಬ್ಬರೇ, ತಮ್ಮ ತಾಯಿಯ ಹೆಸರು ತಪ್ಪಾಗಿದೆ ಎಂದು ನನ್ನ ಮೇಲೆ ರೇಗಿದವರು. ಮುಂದೆ ಕಲಿಯಲು ಬಂದವರೂ ಅವರೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್, ಧ್ವನಿ ಮುದ್ರಿಸಲು ಒಂದು ಫೋನ್, ಗುರುತು ಸಿಗದ ಮುಖವಿರುವ ಒಂದು ಹಳೆಯ ಫೋಟೊ, ಕುಟುಂಬಕ್ಕೆ ಸೇರಿದ ಯಾವುದಾದರೂ ಒಂದು ದಾಖಲೆಯ ಪ್ರತಿ. ಪೆನ್ಸಿಲ್ ಅಂದದ್ದು ಬೇಕೆಂದೇ. ಅಳಿಸಬಹುದು ಅನ್ನಿಸಿದರೆ ತಿದ್ದಲು ಜನ ಹಿಂಜರಿಯುವುದಿಲ್ಲ. ಕಂಪ್ಯೂಟರನ್ನು ಮೊದಲ ದಿನ ತೆರೆಯಲೇಬೇಡಿ.

1. ಒಂದು ಪ್ರಶ್ನೆ ಆರಿಸಿ

ನಿಮ್ಮ ಕಡತಗಳನ್ನೆಲ್ಲ ಕಪಾಟಿನಲ್ಲೇ ಇಟ್ಟು, ಕಲಿಯುವವರ ಕೈಗೆ ಒಂದೇ ಒಂದು ಪ್ರಶ್ನೆ ಕೊಡಿ. ಅದು ಒಬ್ಬ ವ್ಯಕ್ತಿಯ ಬಗ್ಗೆ ಇರಬೇಕು, ಎರಡು ಮೂರು ಸಲ ಕೂತರೆ ಬಗೆಹರಿಯುವಂತಿರಬೇಕು, ಕನಿಷ್ಠ ಒಂದು ಕಾಗದವೂ ಒಬ್ಬ ಹಿರಿಯರೂ ಅದಕ್ಕೆ ಸಂಬಂಧಪಟ್ಟಿರಬೇಕು. "ಈ ಫೋಟೊದಲ್ಲಿ ಎಡಗಡೆ ಕೂತಿರುವವರು ಯಾರು?" ಒಳ್ಳೆಯ ಪ್ರಶ್ನೆ. "ನಮ್ಮ ಮೂಲ ಪುರುಷ ಯಾರು?" ಕೆಟ್ಟ ಪ್ರಶ್ನೆ. ಅದಕ್ಕೆ ತುದಿಯಿಲ್ಲ, ಹೊಸಬರು ವಾರದೊಳಗೆ ಸುಸ್ತಾಗುತ್ತಾರೆ.

ಉತ್ತರ ನಿಮಗೆ ಗೊತ್ತಿದ್ದರೂ ಬಾಯಿ ಬಿಡಬೇಡಿ. ಕಲಿಸುವವರಿಗೆ ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ.

2. ತಮ್ಮಿಂದಲೇ ಹಿಂದಕ್ಕೆ ಹೋಗಲಿ

ಎಲ್ಲರೂ ಮಾಡುವ ತಪ್ಪು, ಯಾರೋ ಪ್ರಸಿದ್ಧ ಪೂರ್ವಜರನ್ನು ಹಿಡಿದು ಅಲ್ಲಿಂದ ಕೆಳಗಿಳಿದು ತಮ್ಮನ್ನು ತಲುಪಲು ನೋಡುವುದು. ಬೇಕಾದವರಿಗೆ ಗಂಟು ಹಾಕಲು ದಾರಿ ಹೇಗೂ ಸಿಕ್ಕಿಬಿಡುತ್ತದೆ. ಹಾಗಾಗಿ ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗುವುದು ನಿಯಮ.

ಇದಕ್ಕೆ ಒಂದು ಚೆಂದದ ಅಂಕಿ ಪದ್ಧತಿಯಿದೆ. ಮೈಕೆಲ್ ಐಟ್‌ಸಿಂಗರ್ 1590ರಲ್ಲಿ ಬಳಸಿದ, ಜೆರೋನಿಮೊ ದೆ ಸೋಸಾ 1676ರಲ್ಲಿ ಮುಂದುವರಿಸಿದ ಪದ್ಧತಿ. 1898ರಲ್ಲಿ ಇದನ್ನು ಜನಪ್ರಿಯಗೊಳಿಸಿದವರು ಸ್ಟೆಫಾನ್ ಕೆಕುಲೆ. ಬೆಂಜೀನ್ ರಚನೆ ಹೇಳಿದ ರಸಾಯನ ವಿಜ್ಞಾನಿ ಕೆಕುಲೆಯ ಮಗ ಈತ. ಜರ್ಮನ್‌ನಲ್ಲಿ ಆನೆನ್‌ಟಾಫೆಲ್, ಅಂದರೆ ಪೂರ್ವಜರ ಪಟ್ಟಿ ಎನ್ನುತ್ತಾರೆ. ಲೆಕ್ಕ ಸುಲಭ: ನಾನು 1. ಯಾರದೇ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಹಾಗಾಗಿ ನನ್ನ ಅಪ್ಪ 2, ಅಮ್ಮ 3, ಅಪ್ಪನ ಅಪ್ಪ 4, ಅಪ್ಪನ ಅಮ್ಮ 5.

ಮಕ್ಕಳಿಗೆ ಇದು ಆಟ. "23 ಯಾರು ಹೇಳು ನೋಡೋಣ" ಎಂದು ಕೇಳಿ. 23 ಬೆಸ ಸಂಖ್ಯೆ, ಆದ್ದರಿಂದ 11ರ ತಾಯಿ. 11 ಅಂದರೆ 5ರ ತಾಯಿ. 5 ಅಂದರೆ ಅಪ್ಪನ ತಾಯಿ. ಕೊನೆಗೆ 23 ಅಂದರೆ ಅಪ್ಪನ ಅಮ್ಮನ ಅಮ್ಮನ ಅಮ್ಮ. ಲೆಕ್ಕ ಬಿಡಿಸಿದ ಮೇಲೆ ಹೆಸರು ಬರೆಯಲು ಹೇಳಿ. ಹೆಚ್ಚಿನ ಮನೆಗಳಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಗಂಡಸರ ಹೆಸರು ನಾಲ್ಕೈದು ತಲೆಮಾರು ಸರಾಗವಾಗಿ ಹೇಳುವವರೂ ಇಲ್ಲಿ ತಡವರಿಸುತ್ತಾರೆ. ಆ ಖಾಲಿ ಚೌಕ ನೋಡಿ ಸುಮ್ಮನಿರಲಾರದವರು ಯಾರೋ ಒಬ್ಬರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಗುರುತಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಹತ್ತು ತಲೆಮಾರು ಹಿಂದೆ ಹೋದರೆ 1,024 ಜಾಗಗಳಾಗುತ್ತವೆ, ಆದರೆ ಅಷ್ಟು ಬೇರೆ ಬೇರೆ ಜನ ಇರಬೇಕೆಂದಿಲ್ಲ. ಸಂಬಂಧದೊಳಗೇ ಮದುವೆಯಾಗಿದ್ದರೆ ಒಬ್ಬರೇ ಎರಡು ಮೂರು ಜಾಗದಲ್ಲಿ ಬರುತ್ತಾರೆ. ಹೊಸಬರು ಇದನ್ನು ತಪ್ಪೆಂದು ಎಣಿಸಿ ಒಬ್ಬರನ್ನು ಅಳಿಸಿಬಿಡುತ್ತಾರೆ.

3. ಹಿರಿಯರ ಎದುರು ಕೂರಿಸಿ

ದಾಖಲೆ ಇನ್ನೊಂದು ವರ್ಷ ಬಿಟ್ಟು ಹೋದರೂ ಸಿಗಬಹುದು. ನೆನಪಿಗೆ ಆ ಭರವಸೆಯಿಲ್ಲ. ಹಾಗಾಗಿ ಕಲಿಯುವವರನ್ನು ಗ್ರಂಥಾಲಯಕ್ಕೆ ಕರೆದೊಯ್ಯುವ ಮೊದಲು ಮನೆಯ ಹಿರಿಯರ ಬಳಿ ಕಳಿಸಿ. ಆದಷ್ಟೂ ಚಿಕ್ಕವರೇ ಕೇಳಲಿ. ನೀವು ಕೇಳಿದರೆ "ನಿಂಗೆ ಗೊತ್ತಲ್ಲ" ಎಂದು ಒಂದು ಮಾತಿನಲ್ಲಿ ಮುಗಿಸುವವರು, ಮೊಮ್ಮಗಳು ಕೇಳಿದರೆ ಮೊದಲಿಂದ ಹೇಳುತ್ತಾರೆ.

ಏನು ಕೇಳಬೇಕು? ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗಾಗಿ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಪ್ಪ ಅಮ್ಮ ಮೊದಲು ಭೇಟಿಯಾದದ್ದು ಹೇಗೆ ಗೊತ್ತೇ, ಅಮ್ಮ ಬೆಳೆದದ್ದು ಎಲ್ಲಿ ಗೊತ್ತೇ, ನಿನ್ನ ಹೆಸರು ಎಲ್ಲಿಂದ ಬಂತು ಗೊತ್ತೇ, ಈ ತರಹದವು. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚಿತ್ತು ಎಂಬುದು ಅವರು ಕಂಡದ್ದು. ಹಾಗೆಂದು ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಏನೂ ಬರುವುದಿಲ್ಲ, ಕೂತು ಹೇಳುವ ಕೇಳುವ ರೂಢಿಯೇ ಮುಖ್ಯ ಎಂದು ಡ್ಯೂಕ್ ಅವರೇ ಎಚ್ಚರಿಸಿದ್ದಾರೆ. ಆ ಪಟ್ಟಿಯನ್ನು ಪರೀಕ್ಷೆ ಮಾಡಬೇಡಿ, ಮಾತಿಗೆ ಎಳೆಯಲು ಬಳಸಿ.

ಕೇಳುವವರಿಗೆ ಮೊದಲೇ ಹೇಳಿಕೊಡಬೇಕಾದವು ಕೆಲವಿವೆ.

ಇಸವಿ ಕೇಳಬೇಡಿ. "ಯಾವ ವರ್ಷ?" ಅಂದರೆ ಹಿರಿಯರು ಗಾಬರಿಯಾಗಿ ಯಾವುದೋ ಒಂದು ಹೇಳುತ್ತಾರೆ, ಅದು ಶಾಶ್ವತವಾಗಿ ನಕ್ಷೆಯಲ್ಲಿ ಕೂತುಬಿಡುತ್ತದೆ. "ಆಗ ತಂಗಿ ಹುಟ್ಟಿದ್ದಳಾ? ನೀವು ಶಾಲೆಗೆ ಹೋಗುತ್ತಿದ್ದಿರಾ?" ಎಂದು ಮತ್ತೊಂದು ಘಟನೆಗೆ ಕಟ್ಟಿ ಕೇಳಿದರೆ ವರ್ಷ ತಾನಾಗಿ ಹತ್ತಿರಕ್ಕೆ ಬರುತ್ತದೆ.

ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಫೋಟೊ ಕೈಗೆ ಕೊಟ್ಟು ಸುಮ್ಮನೆ ಕೂತರೆ ಸಾಕು. ಮೌನ ಬಂದಾಗ ತುಂಬಲು ಹೋಗಬಾರದು. ಹಿರಿಯರು ಯೋಚಿಸುತ್ತಿರುತ್ತಾರೆ, ನಾವು ಮುಂದಿನ ಪ್ರಶ್ನೆ ಹಾಕಿ ಅದನ್ನು ಕಡಿದುಬಿಡುತ್ತೇವೆ.

ಹಿರಿಯರು ಹೇಳಿದ್ದು ತಪ್ಪೆಂದು ಗೊತ್ತಿದ್ದರೂ ಅಲ್ಲೇ ತಿದ್ದಬಾರದು. ಒಂದು ಸಲ ತಿದ್ದಿಸಿಕೊಂಡವರು ಆಮೇಲೆ ಅಳೆದು ತೂಗಿ ಮಾತಾಡುತ್ತಾರೆ.

ನಂಟಿನ ಪದಗಳನ್ನು ನಂಬಬಾರದು. ಕನ್ನಡಿಗರಿಗೆ ಇದು ದೊಡ್ಡ ಬಲೆ. "ಅತ್ತೆ" ಅಂದರೆ ಅಪ್ಪನ ಅಕ್ಕ-ತಂಗಿಯೂ ಆಗಬಹುದು, ಸೋದರಮಾವನ ಹೆಂಡತಿಯೂ ಆಗಬಹುದು, ಗಂಡನ ತಾಯಿಯೂ ಆಗಬಹುದು. "ಅಣ್ಣ" ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ ಹೇಳಲಾಗದು. ಅಪ್ಪನನ್ನೇ ಅಣ್ಣ ಎಂದು ಕರೆಯುವ ಮನೆಗಳೂ ಇವೆ. "ಅಜ್ಜಿ" ಎಂದಷ್ಟೇ ಬರೆದುಕೊಂಡು ಬಂದ ಟಿಪ್ಪಣಿಗೆ ಬೆಲೆಯಿಲ್ಲ. ಪ್ರತಿ ಹೆಸರಿಗೂ "ಅವರು ಯಾರ ಮಗಳು? ಯಾರ ಹೆಂಡತಿ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳಲಿ. ಮುದ್ದಿನ ಹೆಸರಿನ ಪಕ್ಕದಲ್ಲಿ ಕಾಗದದಲ್ಲಿರುವ ಹೆಸರನ್ನೂ ಬರೆಯಲಿ.

ಧ್ವನಿ ಮುದ್ರಿಸುವಾಗ ಮೊದಲು ಅನುಮತಿ, ಆಮೇಲೆ ಗುಂಡಿ ಒತ್ತುವುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಶುರುವಿಗೆ ದಿನಾಂಕ, ಸ್ಥಳ, ಯಾರು ಯಾರು ಇದ್ದಾರೆ ಎಂದು ಬಾಯಲ್ಲೇ ಹೇಳಲಿ. ಕಡತದ ಹೆಸರು ಬದಲಾದರೂ ಇದು ಉಳಿಯುತ್ತದೆ. ಎಷ್ಟು ಹೊತ್ತು? 2003ರಲ್ಲಿ ಶುರುವಾದ ಸ್ಟೋರಿಕಾರ್ಪ್ಸ್ ಎಂಬ ಅಮೆರಿಕದ ಸಂಸ್ಥೆ ಸಾಮಾನ್ಯ ಜನರ ಮಾತುಕತೆಗಳನ್ನು ತಲಾ 40 ನಿಮಿಷದ ಅಳತೆಯಲ್ಲಿ ದಾಖಲಿಸುತ್ತಾ ಬಂದಿದೆ. ಒಳ್ಳೆಯ ಅಳತೆ. ಅದಕ್ಕಿಂತ ಹೆಚ್ಚಾದರೆ ಹೇಳುವವರಿಗೂ ಕೇಳುವವರಿಗೂ ದಣಿವು.

ಮುಗಿದ ಮೇಲೆ ಇನ್ನೊಮ್ಮೆ ಕೇಳಬೇಕು: "ಇದರಲ್ಲಿ ಯಾವುದನ್ನು ಬೇರೆಯವರಿಗೆ ಹೇಳಬಹುದು, ಯಾವುದು ಬೇಡ?" ಮೊದಲು ಕೊಟ್ಟ ಒಪ್ಪಿಗೆ ಮಾತಾಡಲು ಕೊಟ್ಟದ್ದು, ಹಂಚಲು ಕೊಟ್ಟದ್ದಲ್ಲ.

4. ಒಂದೇ ದಾಖಲೆಯನ್ನು ಒಟ್ಟಿಗೆ ಓದಿ

ಒಂದು ಗಂಟೆ, ಒಂದು ಕಾಗದ. ಇಪ್ಪತ್ತು ದಾಖಲೆಗಳನ್ನು ಪರದೆಯ ಮೇಲೆ ಸರಸರ ತೋರಿಸುವುದಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತಾರೆ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿಸಿ: ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದರು? ಅವರಿಗೆ ಹೇಗೆ ಗೊತ್ತು?

ಮರಣ ಪ್ರಮಾಣಪತ್ರ ಇದಕ್ಕೆ ಹೇಳಿ ಮಾಡಿಸಿದ್ದು. ಸತ್ತ ದಿನವನ್ನು ಮಗ ಕಣ್ಣಾರೆ ಕಂಡು ಹೇಳಿರುತ್ತಾನೆ. ಅದೇ ಕಾಗದದಲ್ಲಿರುವ ಹುಟ್ಟಿದ ದಿನ ಅಥವಾ ವಯಸ್ಸನ್ನೂ ಅವನೇ ಹೇಳಿರುತ್ತಾನೆ, ಆದರೆ ಅಪ್ಪ ಹುಟ್ಟಿದಾಗ ಅವನೆಲ್ಲಿದ್ದ? ಕಂಡು ಹೇಳಿದ ಮಾಹಿತಿಯನ್ನು ಪ್ರಾಥಮಿಕ ಮಾಹಿತಿ ಎಂದೂ ಕೇಳಿ ಹೇಳಿದ್ದನ್ನು ದ್ವಿತೀಯಕ ಮಾಹಿತಿ ಎಂದೂ ಕರೆಯುತ್ತಾರೆ. ಸರ್ಕಾರಿ ಮೊಹರು ಒಂದೇ, ಒಳಗಿನ ಎರಡು ಸಾಲಿನ ತೂಕ ಬೇರೆ. ಇದು ಹೊಳೆದ ಕ್ಷಣದಲ್ಲಿ ಕಲಿಯುವವರ ಮುಖ ನೋಡಬೇಕು.

ವಯಸ್ಸಿನ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಜನಗಣತಿಗಳಲ್ಲಿ 40, 45, 50 ಎಂಬ ವಯಸ್ಸುಗಳೇ ಹೆಚ್ಚು ಕಾಣುತ್ತವೆ. ಸರಿಯಾಗಿ ಗೊತ್ತಿಲ್ಲದವರು ಸುತ್ತಿನ ಅಂಕಿ ಹೇಳಿದ್ದರ ಫಲ ಅದು. ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿಗೆ "ಸುಮಾರು" ಎಂದು ಸೇರಿಸಿ ಬರೆಯುವುದನ್ನು ರೂಢಿಸಿ.

ದಿನಾಂಕವೂ ಮೋಸ ಮಾಡುತ್ತದೆ. ಬ್ರಿಟನ್ ಮತ್ತು ಅದರ ವಸಾಹತುಗಳು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬಂದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ 1731ರ ಫೆಬ್ರುವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರುವರಿ 22. ಎರಡೂ ಸರಿ. ಗುಂಪಿಗೆ ಇವೆರಡನ್ನೂ ಕೊಟ್ಟು "ಯಾವುದು ತಪ್ಪು?" ಎಂದು ವಾದಕ್ಕೆ ಬಿಡಿ, ಅರ್ಧ ಗಂಟೆ ನೀವು ಮಾತೇ ಆಡಬೇಕಿಲ್ಲ.

5. ಸಿಕ್ಕಿದ್ದನ್ನು ಸಿಕ್ಕಲ್ಲೇ ಬರೆಸಿ

ಆಕರ ಬರೆಯುವುದು ಬೇಸರದ ಕೆಲಸ. ಆಕರ ಅಂದರೆ ಮಾಹಿತಿ ಎಲ್ಲಿಂದ ಬಂತು ಎಂಬ ವಿವರ. ಮೊದಲ ದಿನದಿಂದಲೇ ರೂಢಿ ಮಾಡಿಸದಿದ್ದರೆ ಮುಂದೆ ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ನಾಲ್ಕು ಅಂಶ ಸಾಕು: ಏನು ದಾಖಲೆ, ಎಲ್ಲಿದೆ, ಯಾವ ಪುಟ ಅಥವಾ ಸಂಖ್ಯೆ, ನೋಡಿದ ದಿನ. ಹುಡುಕಿಯೂ ಸಿಗದಿದ್ದರೆ ಅದನ್ನೂ ಬರೆಯಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಪುಸ್ತಕವನ್ನು ಮತ್ತೆ ತಿರುವುತ್ತೀರಿ.

ಎಷ್ಟು ಪುರಾವೆ ಇದ್ದರೆ ಸಾಕು ಎಂದು ಹೊಸಬರು ಕೇಳುತ್ತಾರೆ. ವಂಶಾವಳಿ ಸಂಶೋಧಕರು ಪಾಲಿಸುವ ಪುರಾವೆಯ ಮಾನದಂಡದಲ್ಲಿ ಐದು ಅಂಗಗಳಿವೆ. ಸಾಕಷ್ಟು ವಿಸ್ತಾರವಾಗಿ ಹುಡುಕಿರಬೇಕು, ಪೂರ್ತಿ ಆಕರ ಕೊಡಬೇಕು, ಮಾಹಿತಿಗಳನ್ನು ಒಂದಕ್ಕೊಂದು ತಾಳೆ ನೋಡಬೇಕು, ವಿರೋಧವಿದ್ದರೆ ಬಗೆಹರಿಸಬೇಕು, ತೀರ್ಮಾನವನ್ನು ಕಾರಣಸಹಿತ ಬರೆದಿಡಬೇಕು. ಹೊಸಬರ ಮಟ್ಟಿಗೆ ಮೂರನೆಯದೂ ನಾಲ್ಕನೆಯದೂ ಬಂದರೆ ಬಹಳವಾಯಿತು.

6. ತಪ್ಪು ಹಿಡಿಯುವ ಆಟ

ಅಂತರ್ಜಾಲದಲ್ಲಿ ಬೇರೆಯವರು ಹಾಕಿದ ವಂಶವೃಕ್ಷಗಳನ್ನು ಎತ್ತಿ ತಮ್ಮದಕ್ಕೆ ಅಂಟಿಸಿಕೊಳ್ಳುವ ಚಟ ಹೊಸಬರಿಗೆ ಬೇಗ ಬರುತ್ತದೆ. ಉಪದೇಶದಿಂದ ಇದು ಹೋಗುವುದಿಲ್ಲ. ನೀವೇ ಒಂದು ಸುಳ್ಳು ವಂಶವೃಕ್ಷ ಬರೆದು, ಒಳಗೆ ತಪ್ಪುಗಳನ್ನು ಹುದುಗಿಸಿ ಕೊಡಿ. ಮಗುವಿಗಿಂತ ಏಳೇ ವರ್ಷ ದೊಡ್ಡವಳಾದ ತಾಯಿ, ಸತ್ತು ಮೂರು ವರ್ಷದ ಮೇಲೆ ತಂದೆಯಾದವನು, ಒಂದೇ ಹೆಸರಿನ ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದು. ಕೊನೆಯದನ್ನು ಹಿಡಿಯುವುದು ಕಷ್ಟ, ನಿಜವಾಗಿಯೂ ಅತಿ ಹೆಚ್ಚು ಆಗುವ ತಪ್ಪೂ ಅದೇ. ಎಲ್ಲವನ್ನೂ ಹಿಡಿದವರು ಮುಂದೆ ಯಾರ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ, ನಿಮ್ಮದನ್ನೂ ಸೇರಿಸಿ. ನಂಬದಿರಲಿ.

ಹುಡುಕಿದರೂ ಸಿಗದೇ ಇರುವುದಕ್ಕೂ ಅವರನ್ನು ಸಿದ್ಧ ಮಾಡಿ. 1922ರ ಜೂನ್‌ನಲ್ಲಿ ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿ ಶತಮಾನಗಳ ಐರಿಷ್ ದಾಖಲೆಗಳು ಬೂದಿಯಾದವು. ಅಮೆರಿಕದ 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಇನ್ನು ಕೆಲವು ದಾಖಲೆಗಳು ಇದ್ದರೂ ತೆರೆದಿರುವುದಿಲ್ಲ. ಅಮೆರಿಕ ತನ್ನ ಜನಗಣತಿಯ ಹೆಸರುಗಳನ್ನು 72 ವರ್ಷ ಮುಚ್ಚಿಡುತ್ತದೆ, ಹಾಗಾಗಿ 1950ರದ್ದು ತೆರೆದದ್ದು 2022ರ ಏಪ್ರಿಲ್‌ನಲ್ಲಿ. ಬಾಗಿಲು ಮುಚ್ಚಿದ್ದರೆ ಪಕ್ಕದ ಬಾಗಿಲು: ಅಣ್ಣತಮ್ಮಂದಿರ ದಾಖಲೆ, ನೆರೆಯವರ ದಾಖಲೆ, ಸಾಕ್ಷಿ ಹಾಕಿದವರ ಹೆಸರು.

7. ಕಂಪ್ಯೂಟರ್ ಈಗ

ಮೂರು ತಲೆಮಾರು ಕಾಗದದ ಮೇಲೆ ಬಂದ ನಂತರ ತಂತ್ರಾಂಶಕ್ಕೆ ಹೋಗಬಹುದು. ಹಣ ಕೊಡದೆ ಬಳಸಬಹುದಾದದ್ದು ಫ್ಯಾಮಿಲಿಸರ್ಚ್ ಎಂಬ ಜಾಲತಾಣ. ಇದರ ಬೇರು 1894ರಲ್ಲಿ ಶುರುವಾದ ಯೂಟಾ ವಂಶಾವಳಿ ಸಂಘದಲ್ಲಿದೆ. 1938ರಿಂದ ದಾಖಲೆಗಳನ್ನು ಪುಟ್ಟ ಚಿತ್ರಗಳಾಗಿ ಇಳಿಸಿಟ್ಟ 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಮುಗಿಯಿತು. ಒಂದು ತಿಳಿದಿರಲಿ: ಅಲ್ಲಿನ ವಂಶವೃಕ್ಷ ಎಲ್ಲರಿಗೂ ಸೇರಿದ ಒಂದೇ ಮರ, ನೀವು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಹಾಗಾಗಿ ನಿಮ್ಮದೇ ಪ್ರತಿ ನಿಮ್ಮ ಬಳಿ ಇರಬೇಕು.

ಯಾವ ತಂತ್ರಾಂಶ ಆರಿಸಿದರೂ ಅದು ಜೆಡ್‌ಕಾಮ್ ಕಡತವನ್ನು ಹೊರಗೆ ಕೊಡುತ್ತದೆಯೇ ನೋಡಿಕೊಳ್ಳಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಂಶವೃಕ್ಷ ಸಾಗಿಸಲು 1984ರಿಂದ ಬಳಕೆಯಲ್ಲಿರುವ ಸಾಮಾನ್ಯ ಭಾಷೆ ಅದು. ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳಷ್ಟೇ ಸಾಗುತ್ತವೆ, ಫೋಟೊಗಳನ್ನು ಬೇರೆಯಾಗಿ ಎತ್ತಿಡಬೇಕು. ಇದು ಗೊತ್ತಿಲ್ಲದೆ ನೂರಾರು ಫೋಟೊ ಕಳೆದುಕೊಂಡವರಿದ್ದಾರೆ. ಫೋಟೊ ಸ್ಕ್ಯಾನ್ ಮಾಡುವಾಗ ಇಂಚಿಗೆ 600 ಚುಕ್ಕೆ ಇಡಿ, ಅಕ್ಷರದ ಕಾಗದಕ್ಕೆ 300 ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಡಿಎನ್ಎ ಪರೀಕ್ಷೆ ಮಾಡಿಸೋಣವೇ ಎಂಬ ಮಾತು ಗುಂಪಿನಲ್ಲಿ ಬಂದೇ ಬರುತ್ತದೆ. ನನ್ನ ಸಲಹೆ, ಕಲಿಯುವ ಹಂತದಲ್ಲಿ ಬೇಡ. ಚಿಕ್ಕಪ್ಪನ ಮಗಳ ಜೊತೆ ನಾವು ಹಂಚಿಕೊಳ್ಳುವ ಡಿಎನ್ಎ ಸರಾಸರಿ ಶೇ. 12.5, ಅದರಾಚೆಗೆ ಬೇಗ ಬೇಗ ಕರಗುತ್ತದೆ. ಕಾಗದದ ನಕ್ಷೆ ಗಟ್ಟಿಯಿಲ್ಲದಿದ್ದರೆ ಆ ಅಂಕಿಯಿಂದ ಏನೂ ತಿಳಿಯದು. ಅಪ್ಪ ಅಂದುಕೊಂಡವರು ಅಪ್ಪನಲ್ಲ ಎಂಬಂಥ ಸುದ್ದಿಯೂ ಅಲ್ಲಿಂದ ಬರಬಹುದು, ಪರೀಕ್ಷೆ ಮಾಡಿಸದ ನೆಂಟರಿಗೂ ಅದು ತಟ್ಟುತ್ತದೆ. 2023ರಲ್ಲಿ ಡಿಎನ್ಎ ಪರೀಕ್ಷೆ ಮಾಡುವ 23ಆ್ಯಂಡ್‌ಮೀ ಕಂಪನಿಯ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಕಳ್ಳರ ಕೈ ಸೇರಿತು. ಪಾಸ್‌ವರ್ಡ್ ಬದಲಾಯಿಸಬಹುದು, ಡಿಎನ್ಎ ಬದಲಾಯಿಸಲಾಗದು.

8. ಹಂಚುವುದು

ಗುಂಪಿಗೆ ಕಲಿಸುವುದಾದರೆ ಐದಾರು ಜನ ಸಾಕು. ಪ್ರತಿಯೊಬ್ಬರೂ ತಾವು ಸಿಕ್ಕಿಹಾಕಿಕೊಂಡಿರುವ ಒಂದು ಪ್ರಶ್ನೆ ತರಲಿ. ನಿಮ್ಮ ಮಾತು ಇಪ್ಪತ್ತು ನಿಮಿಷ ದಾಟದಿರಲಿ. ತಮ್ಮ ಮನೆತನದ ಕೀರ್ತಿಯನ್ನೇ ಹೇಳುತ್ತಾ ಕೂರುವವರು ಒಬ್ಬರು ಬಂದೇ ಬರುತ್ತಾರೆ. "ಇದರ ಆಕರ ಯಾವುದು?" ಎಂದು ವಿನಯದಿಂದ ಕೇಳಿ, ಮಾತು ತಾನಾಗಿ ಚಿಕ್ಕದಾಗುತ್ತದೆ.

ಮನೆಯವರಿಗೆ ಹಂಚುವುದಾದರೆ ನಕ್ಷೆಯನ್ನಲ್ಲ, ಒಂದು ಪುಟದ ಕತೆಯನ್ನು ಕಳಿಸಿ. ಒಬ್ಬ ವ್ಯಕ್ತಿ, ಒಂದು ಫೋಟೊ, ಒಂದು ಘಟನೆ, ಕೊನೆಗೆ ಉತ್ತರ ಸಿಗದ ಒಂದು ಪ್ರಶ್ನೆ. ನಡುವೆ ಸಣ್ಣದೊಂದು ತಪ್ಪು ಉಳಿದಿದ್ದರೆ ಇನ್ನೂ ಒಳ್ಳೆಯದು. ಬೇಕೆಂದೇ ತಪ್ಪು ಮಾಡಿ ಎನ್ನುತ್ತಿಲ್ಲ, ಆದರೆ ಪತ್ರ ಬರುವುದು ತಿದ್ದಲಿಕ್ಕೇ.

ಬದುಕಿರುವವರ ವಿವರಗಳನ್ನು ಬಯಲಲ್ಲಿ ಹಾಕಬೇಡಿ. ತಾಯಿಯ ತವರಿನ ಹೆಸರು, ಹುಟ್ಟಿದ ದಿನ, ಇವನ್ನೇ ಎಷ್ಟೋ ಖಾತೆಗಳು ಭದ್ರತೆಯ ಪ್ರಶ್ನೆಯಾಗಿ ಕೇಳುತ್ತವೆ. ಸತ್ತವರ ಗುಟ್ಟುಗಳಿಗೂ ಬದುಕಿರುವ ಮಕ್ಕಳಿರುತ್ತಾರೆ. ಬಚ್ಚಿಟ್ಟ ಮದುವೆ, ಜೈಲುವಾಸ, ಆತ್ಮಹತ್ಯೆಯಂಥದ್ದು ಸಿಕ್ಕಿದರೆ ಮೊದಲು ಹತ್ತಿರದವರೊಬ್ಬರಿಗೆ ಎದುರು ಕೂತು ಹೇಳಿ, ಕಡತದಲ್ಲಿ ನಿಜವನ್ನೇ ಬರೆದಿಡಿ, ಹಂಚುವ ಪ್ರತಿಯಲ್ಲಿ ಬಿಡಬಹುದು. ಸುಳ್ಳು ಬರೆಯುವುದು ಬೇರೆ, ಹೇಳದೆ ಬಿಡುವುದು ಬೇರೆ.

ಇಷ್ಟಾದರೂ ಯಾರೂ ಹತ್ತಿರ ಬರದಿದ್ದರೆ? ಬರದೇ ಇರಬಹುದು. ಇಪ್ಪತ್ತರ ವಯಸ್ಸಿನಲ್ಲಿ ಬೇಡವಾದದ್ದು ನಲವತ್ತರಲ್ಲಿ ಬೇಕಾಗುವುದುಂಟು, ಆಗ ನೀವು ಇಲ್ಲದಿರಬಹುದು. ಅದಕ್ಕಾಗಿ ಒಂದು ಹಾಳೆ ಬರೆದು ಕಡತಗಳ ಮೇಲೆಯೇ ಇಡಿ: ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವುದು ಖಾತ್ರಿ, ಯಾವುದು ಊಹೆ, ಎಲ್ಲಿಗೆ ಬಂದು ನಿಂತಿದ್ದೇನೆ. ಪಾಸ್‌ವರ್ಡ್‌ಗಳನ್ನು ಅದರಲ್ಲಿ ಬರೆಯಬೇಡಿ, ಅವು ಯಾರ ಬಳಿ ಇವೆ ಎಂದಷ್ಟೇ ಬರೆಯಿರಿ. ಫೋಟೊಗಳ ಹಿಂದೆ ಮೆದು ಪೆನ್ಸಿಲ್‌ನಲ್ಲಿ, ಅಂಚಿಗೆ, ಹೆಚ್ಚು ಒತ್ತದೆ ಹೆಸರು ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗೀರು ಫೋಟೊದ ಮುಂಬದಿಯಲ್ಲಿ ಮೂಡುತ್ತದೆ.